ಬಟ್ಟಲಲ್ಲಿದ್ದ ಬೇವಿನ ಹೂವು

ಊರಿಗೆ ವಸಂತ ಬಂತು ಅಂತ ಬೇರೆಯವರಿಗೆ ಹೊಂಗೆ ಚಿಗುರಿದಾಗ ಗೊತ್ತಾಗುತ್ತೆ. ಹೆಣ ಇಡುವ ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವ ನನಗೆ ಫೋನಿನಿಂದ ಗೊತ್ತಾಗುತ್ತೆ. ಚಳಿ ಹೋಗಿ ಹೆಣ ತಡೆಯದಷ್ಟು ಬಿಸಿಲು ಏರುತ್ತಿದ್ದಂತೆ ಗೌರಿಬಿದನೂರು ಕರೆಯುತ್ತೆ, ಆಮೇಲೆ ಚಿಂತಾಮಣಿ, ಚಿಕ್ಕಬಳ್ಳಾಪುರ. ಈ ಸಲ ಯುಗಾದಿ ಬೆಳಿಗ್ಗೆಯೇ ಶಿಡ್ಲಘಟ್ಟದಿಂದ ಫೋನ್ ಬಂತು.

ಆ ಮನೆಯಲ್ಲಿ ಬಾಕ್ಸಿನ ವೈರು ಅಡುಗೆಮನೆಯ ಪ್ಲಗ್ಗಿಗೆ ಮಾತ್ರ ಮುಟ್ಟುತ್ತಿತ್ತು. ಪ್ಲಗ್ಗಿನ ಪಕ್ಕ ಬಟ್ಟಲಲ್ಲಿ ಬೇವಿನ ಹೂವು ಬಿಡಿಸಿಟ್ಟಿದ್ದರು. ತೀರಿಕೊಂಡವರ ಹೆಂಡತಿ ಆ ಬಟ್ಟಲನ್ನು ನನ್ನ ಕೈಗಿಟ್ಟರು.

"ಹಬ್ಬದ ದಿನವೇ ಸಾವಾಯ್ತು. ಇನ್ಮೇಲೆ ಈ ಮನೇಲಿ ಯುಗಾದಿ ಮಾಡೋ ಹಾಗಿಲ್ಲ. ನೀನಾದ್ರೂ ತಿನ್ನಪ್ಪ."

ಬಾಯಿಗೆ ಹಾಕಿಕೊಂಡೆ. ಬರೀ ಬೇವು. ನನ್ನ ಹಾಳು ನಾಲಿಗೆ ಸುಮ್ಮನಿರಲಿಲ್ಲ.

"ಬೆಲ್ಲ ಹಾಕಿಲ್ವೇನಮ್ಮ?"

"ಅದನ್ನ ತರೋಕೇ ಅಂಗಡಿಗೆ ಹೋಗಿದ್ರಪ್ಪ. ಅಲ್ಲೇ ಕುಸಿದುಬಿದ್ರು."

ಅವತ್ತಿಂದ ನಾನು ಯಾರ ಮನೆಗೆ ಹೋದರೂ ಪ್ಲಗ್ ಎಲ್ಲಿದೆ ಅಂತ ಬಿಟ್ಟರೆ ಬೇರೇನೂ ಕೇಳಲ್ಲ.