ಏರಿಯ ಬುಡದ ರಾಡಿ ನೀರು

ಪುಣೆಯಿಂದ ಎರಡು ತಾಸಿನ ದಾರಿಯಲ್ಲಿರುವ ಒಂದು ಸಣ್ಣ ಅಣೆಕಟ್ಟನ್ನು ವರ್ಷಕ್ಕೆರಡು ಸಲ ನೋಡಿ ವರದಿ ಬರೆಯುವುದು ನನ್ನ ಕೆಲಸ. ನಾನು ಹುಟ್ಟುವುದಕ್ಕೂ ಮುಂಚಿನ ಮಣ್ಣಿನ ಏರಿ ಅದು, ಇರುವುದೊಂದೇ ತೂಬು. ಕಾಲುವೆಯಲ್ಲಿ ಹೂಳು ತುಂಬಿ ಎಷ್ಟೋ ವರ್ಷಗಳಾಗಿದ್ದವು. ಇದರಿಂದ ಯಾರಿಗೆ ಉಪಯೋಗ ಎಂದು ನನಗೇ ಅನುಮಾನವಿತ್ತು. ಹಾಗಾಗಿ ‘ಬುಡದಲ್ಲಿ ಒಸರುವ ನೀರು ತಿಳಿಯಾಗಿದೆ’ ಎಂಬ ಸಾಲನ್ನು ಹಳೆಯ ವರದಿ ನೋಡಿ ಇಳಿಸುತ್ತಿದ್ದೆ. ಕೆಳಗಿಳಿದು ನೋಡುತ್ತಿದ್ದುದು ಕಡಿಮೆ.

ಹೋದ ಮಳೆಗಾಲದಲ್ಲಿ ಏರಿಯ ಮೇಲಿನ ಗಿಡಗಂಟಿ ಕಡಿಸಲು ಪುಣೆಯ ಯೆರವಡಾದಲ್ಲಿ ಕೂಲಿಯವರು ಸೇರುವ ನಾಕೆಯಿಂದ ಐದಾರು ಆಳುಗಳನ್ನು ಕರೆದೊಯ್ದಿದ್ದೆ. ಅವರಲ್ಲಿ ಯಾದಗಿರಿ ಕಡೆಯ ಹೆಂಗಸೊಬ್ಬಳಿದ್ದಳು, ನನಗಿಂತ ಹಿರಿಯಳು. ನಾನು ವಿಜಯಪುರದವನೆಂದು ತಿಳಿದ ಮೇಲೆ ನಮ್ಮ ಮಾತೆಲ್ಲ ಕನ್ನಡದಲ್ಲೇ. ಮೂರನೆಯ ದಿನ ಮಧ್ಯಾಹ್ನ ಆಕೆ ಏದುಸಿರು ಬಿಡುತ್ತ ಏರಿ ಹತ್ತಿ ಬಂದಳು. ಕೈಯಲ್ಲಿ ನೀರು ತುಂಬಿದ ಸ್ಟೀಲಿನ ಲೋಟ.

“ಸಾಹೇಬ್ರ, ಬುಡದಾಗಿನ ನೀರು ನಿನ್ನಿ ತಿಳಿ ಇತ್ರಿ. ಇವತ್ತ ರಾಡಿ ಬರ್ಲಿಕತ್ತದ.”

“ಮಣ್ಣಿನ ಏರಿ ಅದ ಅಕ್ಕಾ, ಒಸರ್ತದ ಬಿಡ್ರಿ.”

“ನೀರು ಒಸರ್ಲಿ ರೀ. ಮಣ್ಣ್ಯಾಕ ಬರಬೇಕು?”

ಲೋಟವನ್ನು ಕಲ್ಲಿನ ಮೇಲಿಟ್ಟೆವು. ನಾವು ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ತಳದಲ್ಲಿ ಕೆಂಪು ಮಣ್ಣು ದಪ್ಪಗೆ ಕೂತಿತ್ತು. ನೀರಿನ ಜೊತೆ ಮಣ್ಣು ಬಂದರೆ ಏರಿ ಒಳಗಿಂದ ಕೊರೆದುಹೋಗುತ್ತಿದೆ ಎಂದೇ ಅರ್ಥ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಏರಿಯ ಕೆಳಗೇ ಒಂದು ಹಳ್ಳಿಯಿತ್ತು.

ಮೇಲಧಿಕಾರಿಗೆ ಫೋನ್ ಮಾಡಿದೆ. ಕೂಡಲೇ ತೂಬು ತೆಗೆದು ನೀರು ಇಳಿಸಲು ಹೇಳಿದರು. ತೂಬಿನ ಚಕ್ರ ತುಕ್ಕು ಹಿಡಿದು ಕಲ್ಲಾಗಿತ್ತು. ಎಣ್ಣೆ ಸುರಿದು, ಹಾರೆ ಸಿಕ್ಕಿಸಿ ಎಲ್ಲರೂ ಜಗ್ಗಿದೆವು. ಅದು ಗೇಣಷ್ಟು ಏಳಲು ಒಂದು ತಾಸು ಹಿಡಿಯಿತು. ಆ ಒಂದು ತಾಸೂ ನನ್ನ ಕಣ್ಣು ಹಳ್ಳಿಯ ಮೇಲೇ ಇತ್ತು.

ತೂಬಿನ ಕೆಳಗಿನ ಹಳ್ಳದಲ್ಲಿ ನೀರು ಕಂಡು ಊರವರು ಓಡಿ ಬಂದರು. ಮುದುಕನೊಬ್ಬ ನನ್ನ ಕೈ ಹಿಡಿದುಕೊಂಡ. ಈ ನೀರು ನಿಂತಿದ್ದರಿಂದಲೇ ನಮ್ಮ ಬಾವಿಗಳು ಜೀವ ಹಿಡಿದಿವೆ, ಬಿಡಬೇಡಿ ಎಂದು ಮರಾಠಿಯಲ್ಲಿ ಅಂಗಲಾಚಿದ. ಯಾದಗಿರಿಯ ಹೆಂಗಸಿಗೆ ಮರಾಠಿ ಸರಿಯಾಗಿ ಬಾರದು. “ಬರ್ರಿ ಅಜ್ಜಾ, ನೋಡ್ರಿ” ಎನ್ನುತ್ತ ಅವನನ್ನು ಬುಡಕ್ಕೆ ಕರೆದೊಯ್ದು ಒಸರಿನ ಬಾಯಿ ತೋರಿಸಿದಳು. ಮುದುಕ ಒಂದು ಬೊಗಸೆ ನೀರು ಹಿಡಿದು ನೋಡಿ ಚೆಲ್ಲಿದ. ಮೇಲೆ ಬಂದವನೇ ಹೆಂಗಸರು ಮಕ್ಕಳನ್ನೆಲ್ಲ ದಿಬ್ಬದ ಶಾಲೆಗೆ ಕಳಿಸಿದ.

ತೂಬು ತೆಗೆದ ಮೂರನೆಯ ದಿನಕ್ಕೆ ನೀರು ಅರ್ಧ ಇಳಿಯಿತು, ಒಸರು ತಿಳಿಯಾಯಿತು. ಏರಿ ಉಳಿಯಿತು. ಮಣ್ಣು ಕೊಚ್ಚಿ ಬರದಂತೆ ಇಲಾಖೆಯವರು ಬುಡಕ್ಕೆ ಮರಳು, ಜಲ್ಲಿ ಹಾಸಿದರು. ಬೇಸಿಗೆಗೆ ಮುಂಚೆಯೇ ಬಾವಿಗಳು ತಳ ಕಂಡವು, ಊರಿಗೆ ಟ್ಯಾಂಕರ್ ಬರತೊಡಗಿತು. ಮುದುಕ ಫೋನ್ ಮಾಡಿದಾಗ ಬೈಯಲಿಲ್ಲ. ಪೂರ್ತಿ ರಿಪೇರಿ ಯಾವಾಗ ಎಂದಷ್ಟೇ ಕೇಳಿದ. ಮಂಜೂರಾತಿ ಇನ್ನೂ ಬಂದಿಲ್ಲ ಎಂದೆ. ಈಗಲೂ ಬಂದಿಲ್ಲ. ಈ ಮಳೆಗಾಲದಲ್ಲಿ ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ, ಬುಡಕ್ಕಿಳಿದು ಒಸರಿನ ನೀರು ನೋಡಿ ಬರುತ್ತಿದ್ದೇನೆ.