ಮೊದಲ ಸೇರಿಗೆ ಲಾಭ

ಆ ಮಧ್ಯಾಹ್ನ ನನ್ನ ಅಕ್ಕ ನಕ್ಕಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ನಕ್ಕಳೆಂದೇ ಬಹಳ ವರ್ಷ ನಂಬಿದ್ದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಸುತ್ತ ನಕ್ಕದ್ದು ಈಗಲೂ ಕಣ್ಣ ಮುಂದಿದೆ. ಆದರೆ ಆಕೆ ಹಾಗೆ ನಗುವುದನ್ನು ಬೇರೆ ಎಷ್ಟೋ ಸಲ ನೋಡಿದ್ದೇನೆ. ಅವುಗಳಲ್ಲೊಂದನ್ನು ತಂದು ಆ ಮಧ್ಯಾಹ್ನಕ್ಕೆ ಅಂಟಿಸಿಕೊಂಡಿರಬಹುದು. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೆ ಮಾತ್ರ ಯಾಕೋ ರಿಯಾಯಿತಿ ಕೊಟ್ಟಿದ್ದೆ.

ಅಕ್ಕನನ್ನು ಗೊಬ್ಬೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ. ಅವಳು ಮಟಕಿಗೆ, ಅವ್ವನ ಮನೆಗೆ ಮರಳಿ ಬಂದು ಊರ ಅಂಗನವಾಡಿಯಲ್ಲಿ ಸಹಾಯಕಿಯಾದಳು. ಕಸ ಗುಡಿಸುವುದು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ ಮಾಡುವುದು. ಅಲ್ಲಿಯ ಟೀಚರು ನಿವೃತ್ತಿಯ ಹತ್ತಿರ ಇದ್ದರು. ಅವರ ಜಾಗ ಅಕ್ಕನಿಗೆ ಸಿಗಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಅವಳಿಗೆ ಉಳಿದದ್ದು ಇಂಗ್ಲಿಷ್ ಒಂದೇ ವಿಷಯ. ಮದುವೆಗೆ ಮುಂಚೆ ಎರಡು ಸಲ ಅದರಲ್ಲೇ ಫೇಲಾಗಿದ್ದಳು.

"ಟೀಚರು ಹುಡುಗರಿಗೆ ಹೇಳೋ ಪದ್ಯ ಎಲ್ಲಾ ನನಗ ಬರ್ತಾವ ತಮ್ಮಾ. ಒಲಿ ಮುಂದ ಕುಂತು ಬಾಯಾಗ ಅನಕೋತ ಇರ್ತೇನಿ. ಒಮ್ಮೆ ಹುಡುಗರ ಮುಂದ ನಿಂತು ಅನ್ನಬೇಕು," ಎನ್ನುತ್ತಿದ್ದಳು.

ಆಗ ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಶನಿವಾರ ಊರಿಗೆ ಬಂದು ಅವಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಕೌಂಟಬಲ್ ಮತ್ತು ಅನ್‌ಕೌಂಟಬಲ್ ನಾಮಪದಗಳನ್ನು ತೆಗೆದುಕೊಂಡೆವು. ಎಣಿಸಲು ಬರುವಂಥವು, ಬಾರದಂಥವು. ಮೊದಲನೆಯವುಗಳ ಹಿಂದೆ ಒಂದು, ಎರಡು ಎಂದು ಹಚ್ಚಬಹುದು. ಎರಡನೆಯವುಗಳಿಗೆ ಹಾಗೆ ಹಚ್ಚುವಂತಿಲ್ಲ. ಎಣಿಸಲೇಬೇಕೆಂದರೆ ಅವನ್ನು ತುಂಬುವ ಪಾತ್ರೆಯನ್ನೋ ಅಳತೆಯನ್ನೋ ಎಣಿಸಬೇಕು.

"ಚಿಕ್ಕಿ?" ಎಂದಳು, ಮೇಲೆ ಆಕಾಶದ ಕಡೆ ಬೆರಳು ತೋರಿಸಿ.

"ಕೌಂಟಬಲ್."

"ಯಾವಾಂವ ಎಣಿಸಿ ಬಂದಾನ? ಇರಲಿ, ತಲಿಕೂದಲ?"

"ಅನ್‌ಕೌಂಟಬಲ್."

"ಸುಳ್ಳ. ನಿನ್ನ ತಲೀದು ಈಗೇ ಎಣಿಸಿ ಹೇಳ್ತೇನಿ, ಬಾ."

ಒಳಗಿನಿಂದ ಅವ್ವ ಕೂಗಿದಳು: "ಚ್ಯಾಷ್ಟಿ ಸಾಕಬೇ, ಪುಸ್ತಕ ನೋಡು. ಪರೀಕ್ಷಾದಾಗ ಅಂವನ ತಲಿ ಬರಂಗಿಲ್ಲ."

ಮಾತಿನಲ್ಲಿ ಹೇಳಿದ್ದು ನಿಲ್ಲಲಿಕ್ಕಿಲ್ಲವೆಂದು ಜೋಳದ ಬುಟ್ಟಿಯನ್ನೂ ಸೇರನ್ನೂ ಅವಳ ಮುಂದಿಟ್ಟೆ. ಜೋಳ ಎಣಿಸಬೇಡ, ಸೇರು ಎಣಿಸು, ಇಂಗ್ಲಿಷಿನಲ್ಲಿ ಎಣಿಸು ಎಂದೆ. ಅಕ್ಕ ಸೇರು ತುಂಬಿ ಮೊರಕ್ಕೆ ಸುರಿದು "ಲಾಭ" ಎಂದಳು. ಆಮೇಲೆ "ಟೂ", "ತ್ರೀ".

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಎರಡರಿಂದ ಎಣಿಕೆ ನಡೆಯುತ್ತದೆ.

"ಒನ್ ಅನ್ನಕ್ಕಾ."

"ಜ್ವಾಳದ ಮುಂದ ಕುಂತು ಒಂದು ಅಂದ್ರ ಒಂದಕ್ಕ ನಿಂತ ಬಿಡ್ತದಲೇ."

"ಇದು ಇಂಗ್ಲಿಷ್."

"ಇಂಗ್ಲಿಷಿಗಿ ಜ್ವಾಳದ ಸುದ್ದಿ ಯಾಕ ಬೇಕು?"

ಮತ್ತೆ ಮತ್ತೆ ಹೇಳಿಸಿದೆ. ಪ್ರತಿ ಸಲವೂ ಮೊದಲ ಸೇರಿಗೆ ಅವಳ ಬಾಯಿ ತಡೆಯುತ್ತಿತ್ತು. ಕೊನೆಗೆ ಸೇರು ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದಳು: "ಗೊಬ್ಬೂರಾಗ ಮೊದಲ ಸುಗ್ಗಿ ನಾನೇ ಅಳದಿದ್ದೆ. ಬಾಯಿ ತಪ್ಪಿ ಒಂದು ಅಂದೆ. ಆ ವರ್ಷನ ಅವರು ಹೋದ್ರು. ನಮ್ಮತ್ತಿ ಇನ್ನಾ ಅದನ್ನೇ ಅಂತಾಳ." ಅದೆಲ್ಲ ಮೂಢನಂಬಿಕೆ ಎಂದು ನಾನು ಉತ್ತರ ಕೊಟ್ಟೆ. ಆಕೆ ಕೇಳಬೇಕೆಂದಿದ್ದದ್ದು ಅದಲ್ಲವೆಂಬುದು ಆಗ ಹೊಳೆಯಲಿಲ್ಲ.

ಇದನ್ನು ಹೇಳಿದ್ದು ಯಾವ ದಿನ? ಪಾಠದ ದಿನವೇ ಎಂದು ಮೇಲೆ ಬರೆದೆ. ಪರೀಕ್ಷೆ ಮುಗಿದ ಎಷ್ಟೋ ತಿಂಗಳ ನಂತರ, ಬೇರೆ ಯಾವುದೋ ಮಾತಿಗೆ ಹೇಳಿರಲೂಬಹುದು. ನನಗೆ ಬೇಕಾದದ್ದು ಎರಡನೆಯದು. ಹಾಗಾಗಿಯೇ ಅದನ್ನು ನಂಬಲಾರೆ.

ಯಾಕೆಂದರೆ ಪರೀಕ್ಷೆಯ ಹಿಂದಿನ ದಿನ ನನ್ನ ಜೊತೆ ಪಾಠ ಮಾಡುವ ಗೆಳೆಯನೊಬ್ಬ ಮನೆಗೆ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು, ಅಕ್ಕ ರೊಟ್ಟಿ ಬಡಿಸುತ್ತಿದ್ದಳು. ನಾನು ಅವನಿಗೆ ಸೇರಿನ ಕಥೆಯನ್ನು ನಟಿಸಿ ತೋರಿಸಿದೆ. ಲಾಭ, ಟೂ, ತ್ರೀ. ಅವನಿಗೆ ನೀರು ನೆತ್ತಿಗೇರುವಷ್ಟು ನಗು ಬಂತು. "ಅಕ್ಕಾರ, ನಾಳಿ ಪೇಪರಿನ್ಯಾಗೂ ಹಿಂಗೇ ಬರೀರಿ," ಎಂದ. "ಪೇಪರ್ ತಿದ್ದಾವ್ರಿಗೂ ಲಾಭ ಆಗಲಿ!" ಅವನು ಕೆಟ್ಟವನಲ್ಲ. ಅವನಿಗೆ ಗೊಬ್ಬೂರಿನ ಸುಗ್ಗಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತೇ?

ಅಕ್ಕ ನಕ್ಕಳೆಂದು ನನ್ನ ನೆನಪು. ಹಿಟ್ಟಿನ ಕೈ ತೊಳೆಯದೆ ಹಿತ್ತಲಿಗೆ ಹೋದಳು, ಆವತ್ತು ಉಣ್ಣಲಿಲ್ಲ ಎಂದು ಅವ್ವನ ನೆನಪು.

ಮರುದಿನ ಬೆಳಿಗ್ಗೆ ಅವಳು ಆಳಂದದ ಬಸ್ಸು ಹತ್ತಿದಳು. ಪರೀಕ್ಷಾ ಕೇಂದ್ರ ಅಲ್ಲೇ ಇತ್ತು. ರಾತ್ರಿ ಜೇವರ್ಗಿಯಿಂದ ಫೋನು ಮಾಡಿದೆ.

"ಹ್ಯಾಂಗ ಬರದಿ?"

"ಚಲೋ ಬರದೇನಿ. ನೀ ಹೇಳಿದ್ದ ಬಂದಿತ್ತು. ನೀರು, ಹಾಲು, ಕುರ್ಚಿ... ಎಲ್ಲಾ ಬಿಡಿಸಿ ಬರದೇನಿ."

ನನಗೆಷ್ಟು ಹೆಮ್ಮೆಯಾಯಿತೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಫಲಿತಾಂಶ ಬಂದಾಗ "ಮತ್ತ ಹೋತು ತಮ್ಮಾ, ಬಿಡು," ಎಂದಳು. ಎಷ್ಟು ಅಂಕ ಎಂದು ಕೇಳಿದೆ. ಎಷ್ಟಾದರೇನು ಎಂದಳು. ಎಲ್ಲದಕ್ಕೂ ಪುರಾವೆ ಕೇಳುವ ನಾನು ಅಂಕಪಟ್ಟಿ ತೋರಿಸೆನ್ನಲಿಲ್ಲ. ನನ್ನ ಪಾಠವೇ ಸರಿಯಿರಲಿಲ್ಲವೆಂದುಕೊಂಡು ಸುಮ್ಮನಾದೆ. ಆ ತಪ್ಪನ್ನು ಹೊರುವುದು ಕಷ್ಟವಿರಲಿಲ್ಲ. ಟೀಚರ ಜಾಗಕ್ಕೆ ಬೇರೆ ಹೆಣ್ಣುಮಗಳು ಬಂದಳು. ಅಕ್ಕ ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಕೊನೆಯವರೆಗೂ ಒಲೆಯ ಮುಂದೆಯೇ ಇದ್ದಳು. ಕಳೆದ ವರ್ಷ ಕಾಮಾಲೆಯಾಗಿ ಹೋದಳು.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ನಾನು ಅವ್ವನ ಮುಂದೆ, ಅಕ್ಕನಿಗೆ ಸರಿಯಾಗಿ ಕಲಿಸಲು ನನ್ನಿಂದಾಗಲಿಲ್ಲ ಎಂದೆ. ಅವ್ವ ನನ್ನ ಕಡೆ ತಿರುಗಿದಳು.

"ಅಕಿ ಪರೀಕ್ಷಾ ಬರದ್ರ ತಾನ? ಆವತ್ತು ಆಳಂದದಾಗ ಇಳದು, ಗಾಣಗಾಪುರದ ಬಸ್ಸಿಗಿ ಕುಂತು ಹ್ವಾದ್ಲು. ಹೊತ್ತು ಮುಳುಗೋತನಾ ಹೊಳಿ ದಂಡಿಗಿ ಕುಂತು ಬಂದ್ಲು."

"ನನಗ್ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ಲು. ಅಷ್ಟು ದೂರದಿಂದ ಬಂದು ಕಲಿಸ್ಯಾನ, ತಮ್ಮಗ ಕೆಟ್ಟ ಅನಿಸ್ತದ ಅಂದ್ಲು."

ಅವ್ವನಿಗೆ ವಯಸ್ಸಾಗಿದೆ. ಒಂದು ವರ್ಷದ ಮಾತನ್ನು ಇನ್ನೊಂದು ವರ್ಷಕ್ಕೆ ಸೇರಿಸುತ್ತಾಳೆ. ಗಾಣಗಾಪುರಕ್ಕೆ ಅಕ್ಕ ಬೇರೆ ಯಾವಾಗಲೋ ಹೋಗಿರಬಹುದು. ಹೀಗೆಲ್ಲ ವಾದಿಸಿಕೊಂಡು ಎರಡು ವಾರ ತಳ್ಳಿದೆ. ಕೊನೆಗೆ ಅವಳ ಟ್ರಂಕಿನಲ್ಲಿ ಸಿಕ್ಕ ಹಾಲ್‌ ಟಿಕೆಟ್ ಹಿಡಿದುಕೊಂಡು ಆಳಂದದ ಆ ಶಾಲೆಗೆ ಹೋದೆ. ಗುಮಾಸ್ತರು ಹಳೆಯ ಫಲಿತಾಂಶದ ಹಾಳೆಗಳನ್ನು ಹುಡುಕಿ ತೆಗೆದರು.

"ಇದೇ ನಂಬರ್ ಹೌದಲ್ರಿ?"

"ಹೌದ್ರಿ."

ಅವರು ಸಾಲಿನ ಕೆಳಗೆ ಸ್ಕೇಲು ಹಿಡಿದರು. ಇಂಗ್ಲಿಷಿನ ಮುಂದೆ ಅಂಕವಿರಲಿಲ್ಲ. ಗೈರುಹಾಜರು ಎಂದು ಬರೆದಿತ್ತು.