ಪ್ಲೇಟು ಕಿರುಗುಟ್ಟಿದ ಶಬ್ದ

ಮೊನ್ನೆ ಪುತ್ತೂರಿನ ಗ್ಯಾರೇಜೊಂದರಲ್ಲಿ ನಮ್ಮ ಪಿಕಪ್ಪಿನ ನಟ್ಟು ಬಿಡಿಸಲು ಡೀಸೆಲ್ ಹೊಯ್ದರು. ತುಕ್ಕು, ಡೀಸೆಲ್, ಹಳೆಯ ಗ್ರೀಸು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ಮೇಸ್ತ್ರಿ ನೆನಪಾದರು...

ಐವರ್ನಾಡಿನ ದಾರಿಯಲ್ಲಿ ಅವರದೊಂದು ತಗಡಿನ ಶೆಡ್ಡಿತ್ತು. ಗಾಡಿಗಳ ಹಿಂದಿನ ಸ್ಪ್ರಿಂಗ್ ಪ್ಲೇಟು ಬಿಚ್ಚಿ, ಬಡಿದು, ಬಾಗಿಸಿ ಕೂರಿಸುವುದೇ ಅವರ ಕಸುಬು. ನಮ್ಮ ಪಿಕಪ್ಪು ನನಗಿಂತ ಹಿರಿಯದು. ಹಿಂಡಿಯ ಮೂಟೆ ಹೊತ್ತು ಹೊತ್ತು ಅದರ ಪ್ಲೇಟುಗಳು ಹಪ್ಪಳದಂತೆ ಚಪ್ಪಟೆಯಾಗಿದ್ದವು. ಹೊಂಡಕ್ಕೆ ಇಳಿದರೆ ಮೊದಲು ಗಾಡಿ ಕೂಗುತ್ತಿತ್ತು, ಆಮೇಲೆ ನನ್ನ ಸೊಂಟ.

ಮೇಸ್ತ್ರಿಗೊಂದು ಕ್ರಮವಿತ್ತು. ಗಾಡಿ ಮುಟ್ಟುವ ಮೊದಲು, "ಶಬ್ದ ಎಂತ ಬರುದು? ಬಾಯಲ್ಲಿ ಮಾಡಿ ತೋರ್ಸು" ಎನ್ನುತ್ತಿದ್ದರು. ಉಳಿದವರು ನಾಚುತ್ತಿದ್ದರು. ನನಗೆ ಅದೇ ಬೇಕಿತ್ತು. ಪಂಚಾಯತಿನ ಸದಸ್ಯರ ಭಾಷಣದಿಂದ ಹಿಡಿದು ನನ್ನಜ್ಜಿಯ ಸೀನಿನವರೆಗೆ ಅಣಕಿಸದೆ ಬಿಟ್ಟವನಲ್ಲ ನಾನು. ಹೆಣ್ಣು ನೋಡಲು ಹೋಗಿ ತೊದಲಿದ ನನ್ನನ್ನೂ ಬಿಟ್ಟಿರಲಿಲ್ಲ. "ಕೀಂ...ಯ್, ಕರಕ್" ಎಂದರೆ ಅವರು ಕಣ್ಣು ಮುಚ್ಚಿ ಕೇಳಿ, "ಬುಷ್ ಹೋಗಿದೆ. ಒಂದು ಪ್ಲೇಟೂ ತುಂಡಾಗಿ ಉಂಟು" ಎನ್ನುತ್ತಿದ್ದರು. ಬಿಚ್ಚಿದರೆ ಹಾಗೆಯೇ ಇರುತ್ತಿತ್ತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವರು ಗಾಡಿಯಡಿಗೆ ಹೋದ ಮೇಲೂ ನಾನು ಮೆಲ್ಲಗೆ ಬಗ್ಗಿ ಅದೇ ಶಬ್ದ ಮಾಡುತ್ತಿದ್ದೆ. ಗಾಡಿ ಕುಸಿಯಿತೆಂದು ಅವರು ಹೌಹಾರಿ ಹೊರಗೆ ಜಾರುತ್ತಿದ್ದರು. "ನಿನ್ನ ಬಾಯಿಗೆ ಗ್ರೀಸ್ ತುಂಬ್ಸಬೇಕು ಮಾರಾಯ!" ಶೆಡ್ಡಿನಲ್ಲಿದ್ದವರೆಲ್ಲ ನಗುತ್ತಿದ್ದರು. ಅವರೂ ನಗುತ್ತಿದ್ದರು. ನಾಲ್ಕೈದು ಸಲ ಆದ ಮೇಲೆ ಹೊರಗೆ ಬರುವುದನ್ನೇ ಬಿಟ್ಟರು...

ಆ ದಿನ ನಮ್ಮ ಪಿಕಪ್ಪಿನ ಹಿಂದಿನ ಚಕ್ರ ಬಿಚ್ಚಿ, ಎಂದಿನಂತೆ ಚಾಸಿಯ ಅಡಿಗೆ ಕೆಂಪುಕಲ್ಲು ಒಟ್ಟಿದ್ದರು. ಮಳೆಗಾಲವಿಡೀ ಅಂಗಳದಲ್ಲಿ ನೆನೆದ ಕಲ್ಲುಗಳು. ಅವರು ಅಡಿಯಲ್ಲಿ ಮಲಗಿ ಬೋಲ್ಟು ಸಡಿಲಿಸುತ್ತಿದ್ದರು. ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಬಾಯಿ ತುಂಬ ಬಿಸಿ ಗೋಳಿಬಜೆ.

ಕೀಂ...ಯ್, ಕರಕ್.

"ಸಾಕು ಮಾರಾಯ ನಿನ್ನ ಆಟ" ಎಂದರು ಅಡಿಯಿಂದ. ಸ್ವರದಲ್ಲಿ ನಗುವಿತ್ತು.

ಅದು ನಾನಲ್ಲ. ಕಲ್ಲು ಕುಸಿಯತೊಡಗಿ, ಭಾರ ಪ್ಲೇಟಿನ ಮೇಲೆ ಬಿದ್ದ ಶಬ್ದ. ಬಜೆ ಉಗಿದು ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾಲ್ಕು ಜನ ಸೇರಿ ಗಾಡಿ ಎತ್ತಿ ಹೊರಗೆಳೆದಾಗ ಅವರಿಗೆ ಪ್ರಜ್ಞೆ ಇತ್ತು. ನನ್ನನ್ನು ನೋಡಿ, "ಅದು ನೀನಲ್ವಾ?" ಎಂದು ಕೇಳಿದರು. ಅಲ್ಲವೆಂದು ತಲೆಯಾಡಿಸಿದೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಕಲ್ಲು ಜಾರಿತು ಎಂದರು ಊರವರು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ಕೂತಾಗ, ಅವರ ಹೆಂಡತಿ ಎಲೆಗೆ ಅನ್ನ ಬಡಿಸುತ್ತಾ, "ನೀನು ಶೆಡ್ಡಿಗೆ ಬಂದ ದಿನ ಮನೆಯಲ್ಲಿ ನಿನ್ನದೇ ಸುದ್ದಿ. ನಗಾಡುದೇ ನಗಾಡುದು" ಎಂದರು. ಜಾರಿದ್ದು ಕಲ್ಲೊಂದೇ ಅಲ್ಲ, ನನ್ನ ಆಟವೆಂದುಕೊಂಡೇ ಅವರು ಹೊರಗೆ ಬರಲಿಲ್ಲವೆಂದು ಹೇಳಬೇಕಿತ್ತು. ತಲೆ ತಗ್ಗಿಸಿ ಉಂಡೆ...

ಪುತ್ತೂರಿನ ಮೆಕ್ಯಾನಿಕ್ ಕೈ ಒರೆಸಿಕೊಂಡು, "ಶಬ್ದ ಹೇಗೆ ಬರುದು? ಸ್ವಲ್ಪ ಮಾಡಿ ತೋರ್ಸಿ ಮಾರಾಯ್ರೆ" ಎಂದರು. ಅದು ಗಂಟಲಲ್ಲಿ ತಯಾರಾಗಿಯೇ ಇತ್ತು, ಎಳ್ಳಷ್ಟೂ ಮಾಸಿರಲಿಲ್ಲ.

"ನೀವೇ ಒಂದು ರೌಂಡ್ ಓಡ್ಸಿ ನೋಡಿ" ಎಂದೆ.

ಓಡಿಸಿ ಬಂದು, ಚಕ್ರ ಬಿಚ್ಚಿ, ಗಾಡಿಯಡಿಗೆ ಹೋದರು. ಯಾರೋ ಚಹಾ, ಬಜೆ ತಂದಿಟ್ಟರು. ಅವರು ಹೊರಗೆ ಬರುವವರೆಗೆ ನಾನು ಬಾಯಿಗೆ ಏನನ್ನೂ ಹಾಕಲಿಲ್ಲ.